ಗಾಸಿಪ್ ಅನ್ನುವ ಪದ, ಅದರ ಅರ್ಥಗಳು, ಅದರ ಸ್ಪ್ಯಾನಿಶ್ ಜೋಡಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತೇನೆ. ಸಂಜೆ ಹೊತ್ತು ಕೆಲವರಿಗೆ ಸ್ಪ್ಯಾನಿಶ್ ಕೂಡ. ಹೈದರಾಬಾದಿನಲ್ಲಿ ಕೆಲಸ ಹುಡುಕುವ ಹುಡುಗ ಹುಡುಗಿಯರು ಬೀದರ್, ಯಾದಗಿರಿ ಕಡೆಯಿಂದಲೂ ಬರುತ್ತಾರೆ. 'ಗಾಸಿಪ್' ಅನ್ನುವ ಈ ಒಂದು ಪದದ ಬಗ್ಗೆ ಬಂದಷ್ಟು ಪ್ರಶ್ನೆ ನನಗೆ ಬೇರೆ ಯಾವ ಪದದ ಬಗ್ಗೆಯೂ ಬಂದಿಲ್ಲ. ಕ್ಲಾಸಿನಲ್ಲಿ ಕೇಳಿದ್ದು, ಪತ್ರದಲ್ಲಿ ಬರೆದದ್ದು, ವಾಟ್ಸಾಪಿನಲ್ಲಿ ಕಳಿಸಿದ್ದು ಎಲ್ಲ ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತು ಹೇಗಿತ್ತೋ ಹಾಗೇ ಇಟ್ಟಿದ್ದೇನೆ. ಸ್ಪ್ಯಾನಿಶ್ ಪದಗಳನ್ನು ಕಿವಿಗೆ ಕೇಳುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ.

## ಮೊದಲ ಮೆಟ್ಟಿಲು

ಮೇಡಂ, ಗಾಸಿಪ್ ಅಂದ್ರ ಕನ್ನಡದಾಗ ಏನ್ರಿ? ಒಂದೇ ಪದ ಹೇಳ್ರಿ.

ಒಂದೇ ಪದದಲ್ಲಿ ಆಗುವುದಿಲ್ಲ. ಅದಕ್ಕೆ ಕಾರಣ ಕನ್ನಡ ಬಡವಾಗಿರುವುದಲ್ಲ. ನಮ್ಮಲ್ಲಿ ಪದ ಜಾಸ್ತಿ ಇವೆ, ಇಂಗ್ಲಿಷ್ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದೆ.

ನಮ್ಮ ಓಣಿಯಲ್ಲಿ ತೊಗರಿ ರಾಶಿ ಮುಗಿದ ಮೇಲೆ ಮಧ್ಯಾಹ್ನ ಹೆಂಗಸರು ಕಟ್ಟೆ ಮೇಲೆ ಕೂತು ಬ್ಯಾಳಿ ಹಸನು ಮಾಡುತ್ತಾರೆ. ಮೊರದ ಸದ್ದು ಒಂದೇ ಸಮ ಕೇಳುತ್ತಿರುತ್ತದೆ. ಮಳೆ, ಬೆಲೆ, ನಿನ್ನೆಯ ಧಾರಾವಾಹಿ, ಹೀಗೆ ಮಾತು ಸಾಗುತ್ತದೆ. ಇದು ಹರಟೆ. ಇದ್ದಕ್ಕಿದ್ದ ಹಾಗೆ ಎಲ್ಲ ಮೊರಗಳೂ ನಿಂತುಬಿಡುತ್ತವೆ. ಯಾರೋ ದನಿ ಇಳಿಸಿ, ಅಲ್ಲಿ ಇಲ್ಲದವರೊಬ್ಬರ ಮನೆ ವಿಷಯ ಎತ್ತಿದ್ದಾರೆ. ಇಂಗ್ಲಿಷಿನ ಗಾಸಿಪ್‌ನ ನಡುಗಂಬ ಇದೇ: ಎದುರಿಗಿಲ್ಲದ ಮನುಷ್ಯನ ಖಾಸಗಿ ವಿಷಯ, ಗೊತ್ತಿರುವವರ ನಡುವೆ. ಅದು ಪಕ್ಕಾ ಗೊತ್ತಿಲ್ಲದೆ ಹಬ್ಬಿದರೆ ಗಾಳಿಮಾತು. ಒಬ್ಬರ ಮೇಲೆ ಇನ್ನೊಬ್ಬರ ಮನಸ್ಸು ಕೆಡಿಸಲು ಹೇಳಿದರೆ ಚಾಡಿ. ಸಿನಿಮಾ ನಟರ ಮೇಲೆ ಪತ್ರಿಕೆ ಬರೆದರೆ ನಾವೂ ಈಗ ಗಾಸಿಪ್ ಅಂತಲೇ ಅನ್ನುತ್ತೇವೆ.

ನಾನು ಮಕ್ಕಳಿಗೆ ಹೇಳುವುದು ಇಷ್ಟೇ. ಸ್ಪ್ಯಾನಿಶ್‌ಗೆ ಹೋಗುವಾಗ ಇಂಗ್ಲಿಷ್ ದಾರಿ ಹಿಡಿಯಬೇಡಿ. ಮೊದಲು ಇದು ಹರಟೆಯೋ, ಚಾಡಿಯೋ, ಗಾಳಿಮಾತೋ ಅಂತ ಕನ್ನಡದಲ್ಲಿ ಕೇಳಿಕೊಳ್ಳಿ. ಅಲ್ಲಿಂದ ನೇರ ಸ್ಪ್ಯಾನಿಶ್‌ಗೆ ಹೋಗಿ. ಕೆಳಗಿನ ಉತ್ತರಗಳಲ್ಲಿ ನಾನು ಮಾಡಿರುವುದು ಅದನ್ನೇ.

"ಶಿ ಈಸ್ ಎ ಗಾಸಿಪ್" ಅಂತ ಓದಿದೆ. ಅವಳೇ ಗಾಸಿಪ್ಪಾ? ಇದು ತಪ್ಪು ಅಲ್ವಾ?

ತಪ್ಪಲ್ಲ. ಇಂಗ್ಲಿಷಿನಲ್ಲಿ ಮಾತಿಗೂ ಗಾಸಿಪ್, ಆ ಮಾತಾಡುವ ಮನುಷ್ಯನಿಗೂ ಗಾಸಿಪ್. ಮುಂದೆ 'ಎ' ಬಂದರೆ ಸಾಮಾನ್ಯವಾಗಿ ಅದು ಮನುಷ್ಯ. ಮಾತಿನ ಅರ್ಥದಲ್ಲಿ ಈ ಪದವನ್ನು ಎಣಿಸುವುದಿಲ್ಲ, ನೀರು ಹಾಲು ಇದ್ದ ಹಾಗೆ. ನಮ್ಮ ಹುಡುಗರು 'ಐ ಹರ್ಡ್ ಎ ಗಾಸಿಪ್' ಅನ್ನುತ್ತಾರೆ. 'ಎ' ಬಿಟ್ಟು 'ಸಮ್ ಗಾಸಿಪ್' ಅನ್ನಬೇಕು.

ಸ್ಪ್ಯಾನಿಶ್ ಈ ವಿಷಯದಲ್ಲಿ ನಮಗೆ ಹತ್ತಿರ. ಅಲ್ಲಿ ಎಣಿಸಬಹುದು. ಉನ್ ಚಿಸ್ಮೆ ಅಂದರೆ ಒಂದು ಸುದ್ದಿ, ದೋಸ್ ಚಿಸ್ಮೆಸ್ ಅಂದರೆ ಎರಡು. ಮನುಷ್ಯನಿಗೆ ಬೇರೆಯೇ ಪದ ಇದೆ.

ಸ್ಪ್ಯಾನಿಶ್‌ನಲ್ಲಿ ಗಾಸಿಪ್‌ಗೆ ಏನಂತಾರೆ? ನಾಳೆ ಟೆಸ್ಟ್ ಇದೆ, ಬೇಗ ಹೇಳಿ.

ಮಾತಿಗೆ ಚಿಸ್ಮೆ. ಸ್ಪೇನ್ ದೇಶದಲ್ಲಿ ಕೊತಿಯೇಯೊ ಜಾಸ್ತಿ ಕೇಳುತ್ತೀರಿ. ಮಾತಾಡುವವನು ಚಿಸ್ಮೋಸೊ, ಮಾತಾಡುವವಳು ಚಿಸ್ಮೋಸಾ. ಸ್ಪೇನಿನಲ್ಲಿ ಕೊತೀಯಾ, ಇದು ಗಂಡಿಗೂ ಹೆಣ್ಣಿಗೂ ಒಂದೇ. ಕ್ರಿಯಾಪದ ಲ್ಯಾಟಿನ್ ಅಮೆರಿಕದಲ್ಲಿ ಚಿಸ್ಮೆಯಾರ್, ಸ್ಪೇನಿನಲ್ಲಿ ಕೊತಿಯೆಯಾರ್. ಟೆಸ್ಟಿಗೆ ಚಿಸ್ಮೆ ಬರೆದರೆ ಸಾಕು, ಎಲ್ಲ ಕಡೆ ಅರ್ಥವಾಗುತ್ತದೆ.

ಉಚ್ಚಾರ ಬರ್ತಿಲ್ಲ. ಇಂಗ್ಲಿಷ್ ಥರ ಓದಿದ್ರೆ ನಗ್ತಾರೆ. ಏನು ಮಾಡ್ಲಿ?

ಇಂಗ್ಲಿಷ್ ಮರೆತುಬಿಡಿ, ಕನ್ನಡ ನೆನಪಿಟ್ಟುಕೊಳ್ಳಿ. ಸ್ಪ್ಯಾನಿಶ್‌ನ ತ, ದ ನಮ್ಮ ತ, ದ ಇದ್ದ ಹಾಗೆ ಹಲ್ಲಿಗೆ ತಾಗುತ್ತವೆ. ಟ, ಡ ಅಲ್ಲಿ ಇಲ್ಲ. ಜೋಡಿ 'ಎಲ್' ಬಂದರೆ ಹೆಚ್ಚಿನ ಕಡೆ 'ಯ', ಅದಕ್ಕೇ ಕೊತೀಯಾ. 'ವಿ' ಬಂದರೆ ಬ. 'ಎಚ್' ಬರೆಯುತ್ತಾರೆ, ಓದುವುದಿಲ್ಲ. ಇನ್ನು 'ಜೆ' ಅಕ್ಷರ. ಅದನ್ನು ಸ್ಪೇನಿನಲ್ಲಿ ಗಂಟಲಿನಿಂದ ಹೇಳುತ್ತಾರೆ, ನಮ್ಮ ಊರಿನ ಉರ್ದುವಿನಲ್ಲಿ 'ಖಬರ್' ಅನ್ನುವಾಗ ಬರುವ ಖ ಇದೆಯಲ್ಲ, ಅದು. ಕಲಬುರಗಿಯಲ್ಲಿ ಬೆಳೆದವರಿಗೆ ಇದು ಹುಟ್ಟಿನಿಂದಲೇ ಕಿವಿಗೆ ಬಿದ್ದಿರುತ್ತದೆ. ಚಿಸ್ಮೆಯಲ್ಲಿ ಮ ಮುಂದೆ ಇರುವುದರಿಂದ ಸ ಸ್ವಲ್ಪ ಜ಼ ಕಡೆಗೆ ವಾಲುತ್ತದೆ. ಅಷ್ಟು ನಾಜೂಕು ಬೇಡ ಅಂದರೆ ಬಿಡಿ, ಅರ್ಥಕ್ಕೆ ತೊಂದರೆ ಇಲ್ಲ.

## ಬಳಸುವಾಗ ಏಳುವ ಪ್ರಶ್ನೆಗಳು

ಮೆಕ್ಸಿಕೋದವ ಒಂದು ಪದ ಹೇಳ್ತಾನೆ, ಅರ್ಜೆಂಟೀನಾದವ ಇನ್ನೊಂದು. ನಾನು ಯಾವುದು ಕಲೀಲಿ?

ಸ್ಪ್ಯಾನಿಶ್ ಸುಮಾರು 20 ದೇಶಗಳ ಆಡಳಿತ ಭಾಷೆ. ಒಂದೇ ಪದ ಎಲ್ಲ ಕಡೆ ಇರಲಿ ಅಂದರೆ ಹೇಗೆ? ನಮ್ಮಲ್ಲೇ ನೋಡಿ. ಬೀದರ್ ಗಡಿಯಲ್ಲಿ ಮರಾಠಿಯ 'ಗಪ್ಪಾ' ಕೇಳುತ್ತದೆ, ಯಾದಗಿರಿ ಗಡಿಯಲ್ಲಿ ತೆಲುಗಿನ 'ಪುಕಾರು', ಕಲಬುರಗಿ ಪೇಟೆಯಲ್ಲಿ ಉರ್ದುವಿನ 'ಚುಗ್ಲಿ', 'ಅಫ್ವಾ'. ನಮ್ಮ ಚಾಡಿ ಕೂಡ ಮರಾಠಿಯಲ್ಲಿ ಚಹಾಡಿ, ತೆಲುಗಿನಲ್ಲಿ ಚಾಡೀಲು.

ಅಲ್ಲೂ ಹೀಗೇ. ಮೆಕ್ಸಿಕೋದಲ್ಲಿ ಚಿಸ್ಮೆ, ಪ್ರೀತಿಯಿಂದ ಚಿಸ್ಮೆಸೀತೊ, ಅಂದರೆ ಪುಟ್ಟ ಸುದ್ದಿ. ಚಿಲಿಯಲ್ಲಿ ಕೊಪೂಚಾ. ಅರ್ಜೆಂಟೀನಾದಲ್ಲಿ ಕ್ರಿಯಾಪದ ಚುಸ್ಮೆಯಾರ್, ಮನುಷ್ಯ ಚೂಸ್ಮಾ, ನಟ ನಟಿಯರ ಸುದ್ದಿ ಚಿಮೆಂತೊ. ಪೋರ್ಟೊ ರಿಕೊ, ಪನಾಮಾ ಕಡೆ ಬೊಚಿಂಚೆ. ಇಲ್ಲಿ ಎಚ್ಚರ ಬೇಕು: ಅರ್ಜೆಂಟೀನಾದಲ್ಲಿ ಬೊಚಿಂಚೆ ಅಂದರೆ ಬರೀ ಗದ್ದಲ. ಚೂಸ್ಮಾ ಅನ್ನುವುದಕ್ಕೆ ಉಳಿದ ಕಡೆ 'ಕೀಳು ಜನರ ಗುಂಪು' ಅನ್ನುವ ಒರಟು ಅರ್ಥ ಇದೆ, ಅರ್ಜೆಂಟೀನಾದವರ ಹೊರತು ಬೇರೆಯವರ ಮುಂದೆ ಆಡಲೇಬೇಡಿ.

ಚಿಸ್ಮೆ ಕಲಿಯಿರಿ, ಉಳಿದವು ಕೇಳಿದಾಗ ಗುರುತು ಸಿಕ್ಕರೆ ಸಾಕು.

ಮ್ಯಾಡ್ರಿಡ್‌ನಾಗ ಅಂಗಡಿಯವ ಚಾರ್ಜರ್ ಹಿಡಿದು "ಎಸ್ತೆ ಚಿಸ್ಮೆ" ಅಂದ. ಚಾರ್ಜರ್ ಹ್ಯಾಂಗ ಗಾಸಿಪ್ ಆಗ್ತದ?

ಸ್ಪೇನಿನಲ್ಲಿ ಚಿಸ್ಮೆಗೆ ಇನ್ನೊಂದು ಅರ್ಥ ಇದೆ: ಹೆಸರು ನೆನಪಾಗದ ಸಣ್ಣ ಸಾಮಾನು. ನಾವು 'ಅದೇ, ಅದೇನದು, ಅದನ್ನು ಕೊಡು' ಅನ್ನುವ ಹಾಗೆ. ಎಸ್ತೆ ಚಿಸ್ಮೆ ಅಂದರೆ 'ಈ ಸಾಮಾನು' ಅಷ್ಟೇ.

ಈ ಪದ ಎಲ್ಲಿಂದ ಬಂತು ಅನ್ನುವುದರ ಬಗ್ಗೆ ಎರಡು ಮಾತಿದೆ. ಗ್ರೀಕ್ ಮೂಲದ 'ಸ್ಖಿಸ್ಮ', ಅಂದರೆ ಒಡಕು, ಅದರಿಂದ ಬಂತು ಅನ್ನುವುದು ಒಂದು. ತಗಣಿಗೆ ಇದ್ದ ಹಳೆಯ ಪದದಿಂದ, ಮೊದಲು 'ಕ್ಷುಲ್ಲಕ ವಸ್ತು' ಅಂತಾಗಿ, ಆಮೇಲೆ 'ಕ್ಷುಲ್ಲಕ ಮಾತು' ಅಂತಾಯಿತು ಅನ್ನುವುದು ಇನ್ನೊಂದು. ನನಗೆ ತಗಣಿಯ ದಾರಿ ಹೆಚ್ಚು ಹಿಡಿಸುತ್ತದೆ, ಸಾಮಾನು ಮತ್ತು ಮಾತು ಎರಡೂ ಅರ್ಥ ಅದರಲ್ಲಿ ಕೂಡುತ್ತವೆ.

ಕ್ಲಾಸ್ ಟೀಚರ್ ಹತ್ರ ಚಾಡಿ ಹೇಳೋದಕ್ಕೂ ಚಿಸ್ಮೆ ಅನ್ನಬಹುದಾ?

ಬೇಡ. ಚಿಸ್ಮೆ ಹೇಳುವವರಿಗೆ ಹೇಳುವುದೇ ರುಚಿ. ಚಾಡಿಗೆ ಗುರಿ ಇರುತ್ತದೆ: ಒಬ್ಬರಿಗೆ ಬೈಗುಳ ಬೀಳಬೇಕು. ಮೇಲಿನವರ ಹತ್ತಿರ ಹೋಗಿ ಹೇಳುವುದಕ್ಕೆ ಸ್ಪೇನಿನಲ್ಲಿ ಚಿಬಾರ್ಸೆ ಅನ್ನುತ್ತಾರೆ, ಹೇಳಿದವನು ಚಿಬಾತೊ. ಲ್ಯಾಟಿನ್ ಅಮೆರಿಕದಲ್ಲಿ ಸೊಪ್ಲೋನ್. ಸೊಪ್ಲಾರ್ ಅಂದರೆ ಊದುವುದು. ನಾವು ಕಿವಿ ಊದಿದ ಅನ್ನುತ್ತೇವಲ್ಲ, ಅಲ್ಲಿಯೂ ಊದುವವನೇ.

ನನಗೆ ತುಂಬ ಇಷ್ಟದ ಪದ ಇನ್ನೊಂದಿದೆ: ಕೊರ್ರೆಬೇಯ್ದೀಲೆ. ಬಿಡಿಸಿದರೆ ಕೊರ್ರೆ, ಬೇ, ಇ, ದೀಲೆ: 'ಓಡು, ಹೋಗು, ಅವನಿಗೆ ಹೇಳು'. ಒಂದು ಇಡೀ ವಾಕ್ಯವೇ ಮನುಷ್ಯನ ಹೆಸರಾಗಿದೆ. ಈ ಮನೆ ಮಾತು ಆ ಮನೆಗೆ ಮುಟ್ಟಿಸುವವರು ಪ್ರತಿ ಓಣಿಯಲ್ಲೂ ಒಬ್ಬರು ಇರುತ್ತಾರೆ. ಅವರ ಕಾಲಿನ ವೇಗ ಈ ಪದದಲ್ಲಿದೆ.

ತಮಾಷೆಗೆ "ಚಿಸ್ಮೋಸಾ" ಅಂದ್ರೆ ಬೇಜಾರ್ ಮಾಡ್ಕೋತಾರಾ?

ಮಾಡಿಕೊಳ್ಳಬಹುದು. ನನಗೆ ಇದು ಆದ ಮೇಲೆ ತಿಳಿಯಿತು. ವಿಡಿಯೋ ಕರೆಯಲ್ಲಿ ಮಾತು ಅಭ್ಯಾಸ ಮಾಡಲು ಮೆಕ್ಸಿಕೋದ ಒಬ್ಬ ಹಿರಿಯ ಹೆಂಗಸು ಸಿಕ್ಕಿದ್ದರು. ನಮ್ಮ ಪಕ್ಕದ ಮನೆ ಅಕ್ಕ ಕೋಣೆಗೆ ಬಂದರು. ಅವರನ್ನು ಪರಿಚಯ ಮಾಡಿಸುತ್ತಾ, ಪ್ರೀತಿಯಿಂದಲೇ, 'ಎಸ್ ಮುಯ್ ಚಿಸ್ಮೋಸಾ' ಅಂದೆ. ಪರದೆಯ ಆ ಕಡೆ ನಗು ನಿಂತಿತು. ಅಕ್ಕನಿಗೆ ಸ್ಪ್ಯಾನಿಶ್ ಬರುವುದಿಲ್ಲ, ಅವರು ಕೈ ಬೀಸುತ್ತಲೇ ಇದ್ದರು. ಆಮೇಲೆ ಆ ತಾಯಿ ನಿಧಾನವಾಗಿ ಹೇಳಿದರು: ಎದುರಿಗೆ ನಿಂತವರನ್ನು ಹಾಗೆ ಅನ್ನಬಾರದು, 'ಲೆ ಗೂಸ್ತಾ ಎಲ್ ಚಿಸ್ಮೆ' ಅನ್ನು.

ಅಂದರೆ 'ಅವಳಿಗೆ ಸುದ್ದಿ ಅಂದ್ರೆ ಇಷ್ಟ'. ಮೊದಲನೆಯದು ಮನುಷ್ಯನಿಗೆ ಅಂಟಿಸಿದ ಚೀಟಿ, ಎರಡನೆಯದು ಬರೀ ಅವರ ಒಂದು ಆಸೆ. ಕನ್ನಡದಲ್ಲಿ ಯಾರನ್ನಾದರೂ 'ಚಾಡಿಕೋರಿ' ಅಂದು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಆಪ್ತ ಗೆಳತಿಯರ ನಡುವೆ ಚಿಸ್ಮೋಸಾ ನಡೆಯುತ್ತದೆ. ಉಳಿದ ಕಡೆ ಬೇಡ.

ಆಫೀಸಿನ ಗುಸುಗುಸುಗೆ ಮರ್ಯಾದೆಯ ಪದ ಯಾವುದು? ಮ್ಯಾನೇಜರ್ ಮುಂದೆ ಹೇಳೋ ಹಾಗಿರಬೇಕು.

ರುಮೋರೆಸ್ ಅನ್ನಿ, ಗಾಳಿಮಾತುಗಳು. ಬರವಣಿಗೆಯಲ್ಲಿ ಆಬ್ಲಾದುರೀಯಾಸ್ ಕೂಡ ಇದೆ, ಸ್ವಲ್ಪ ಬೇಸರದ ಧಾಟಿ. ಜೊತೆಯವರ ಹತ್ತಿರ ಮಾತಾಡುವಾಗ 'ರಾದ್ಯೊ ಪಸೀಯೊ' ಅನ್ನಬಹುದು, ಓಣಿ ರೇಡಿಯೋ ಅಂತ, ಆಫೀಸಿನ ಓಣಿ. ಕ್ಯೂಬಾದಲ್ಲಿ ಇದಕ್ಕೆ 'ರಾದ್ಯೊ ಬೆಂಬಾ', ಅಂದರೆ ತುಟಿ ರೇಡಿಯೋ. ನಟ ನಟಿಯರ ಬಗ್ಗೆ ಬರೆಯುವ ಪತ್ರಿಕೆಗಳಿಗೆ ಸ್ಪೇನಿನಲ್ಲಿ 'ಪ್ರೆನ್ಸಾ ರೋಸಾ', ಗುಲಾಬಿ ಬಣ್ಣದ ಪತ್ರಿಕೆ.

ಗಾದೆ ಇದ್ರೆ ಹೇಳ್ರಿ, ಕನ್ನಡದ ಗಾದೆಗೆ ಕೂಡೂವಂಥವು.

'ಲಾಸ್ ಪರೇದೆಸ್ ಓಯೆನ್' ಅಂದರೆ ಗೋಡೆಗಳು ಕೇಳಿಸಿಕೊಳ್ಳುತ್ತವೆ. ನಮ್ಮ 'ಗೋಡೆಗೂ ಕಿವಿ ಇದೆ'. 'ಬೆಂಕಿ ಇಲ್ಲದೆ ಹೊಗೆ ಆಡುವುದಿಲ್ಲ' ಅನ್ನುವುದಕ್ಕೆ ಅವರು ಹೊಳೆ ತರುತ್ತಾರೆ: 'ಕ್ವಾಂದೊ ಎಲ್ ರೀಯೊ ಸ್ವೇನಾ, ಆಗ್ವಾ ಯೇಬಾ', ಹೊಳೆ ಸದ್ದು ಮಾಡುತ್ತಿದೆ ಅಂದರೆ ನೀರು ಇದೆ. 'ಪ್ವೆಬ್ಲೊ ಚೀಕೊ, ಇನ್ಫ್ಯೆರ್ನೊ ಗ್ರಾಂದೆ' ಅಂದರೆ ಊರು ಸಣ್ಣದು, ನರಕ ದೊಡ್ಡದು. ಇದಕ್ಕೆ ಸರಿಸಮ ಗಾದೆ ನನಗೆ ಕನ್ನಡದಲ್ಲಿ ಸಿಕ್ಕಿಲ್ಲ. ಮದುವೆ ಮಾತು ಮುರಿದ ಹುಡುಗಿಯೊಬ್ಬಳಿಗೆ ಕ್ಲಾಸಿನಲ್ಲಿ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ.

## ಇನ್ನೂ ಒಳಗೆ ಹೋದರೆ

ಗಾಸಿಪ್ ಮೊದಲು ಒಳ್ಳೆಯ ಪದ ಆಗಿತ್ತು ಅಂತ ಎಲ್ಲೋ ಕೇಳಿದೆ. ಖರೇನಾ?

ಖರೆ. ಸುಮಾರು 1,000 ವರ್ಷ ಹಿಂದಿನ ಇಂಗ್ಲಿಷಿನಲ್ಲಿ ಇದು 'ಗಾಡ್‌ಸಿಬ್' ಆಗಿತ್ತು. ಗಾಡ್ ಅಂದರೆ ದೇವರು, ಸಿಬ್ ಅಂದರೆ ನೆಂಟ. ಇಂದಿನ 'ಸಿಬ್ಲಿಂಗ್' ಪದದಲ್ಲಿರುವುದೂ ಅದೇ ಸಿಬ್. ಕ್ರೈಸ್ತರಲ್ಲಿ ಮಗುವಿಗೆ ದೀಕ್ಷಾಸ್ನಾನ ಮಾಡಿಸುವಾಗ ಮಗುವಿನ ಹೊಣೆ ಹೊತ್ತು ನಿಲ್ಲುವವರು ಇರುತ್ತಾರೆ. ದೇವರ ಸಾಕ್ಷಿಯಾಗಿ ಆದ ನೆಂಟರು ಅವರು, ಗಾಡ್‌ಸಿಬ್. ಮುಂದೆ ಅದು ಆಪ್ತ ಗೆಳತಿ ಅಂತಾಯಿತು, ಹೆರಿಗೆ ಹೊತ್ತಿಗೆ ಬಂದು ಸುತ್ತ ಕೂರುವ ಹೆಂಗಸರು ಅಂತಾಯಿತು. 16ನೇ ಶತಮಾನದ ಹೊತ್ತಿಗೆ ಬಾಯಿಬಡುಕಿ ಅಂತಾಯಿತು. ಮನುಷ್ಯನನ್ನು ಬಿಟ್ಟು ಮಾತಿಗೇ ಆ ಹೆಸರು ಬಂದದ್ದು 19ನೇ ಶತಮಾನದಲ್ಲಿ.

ಸ್ಪ್ಯಾನಿಶ್ ಬೇರೆ ಪದ ಹಿಡಿದು ಇದೇ ದಾರಿ ನಡೆಯಿತು. ಮಗುವಿನ ತಾಯಿಗೂ ಹೊಣೆ ಹೊತ್ತ ತಾಯಿಗೂ ನಡುವಿನ ಸಂಬಂಧ 'ಕೊಮಾದ್ರೆ', ಜೊತೆತಾಯಿ. ಒಂದು ಮಗುವಿನ ಮೂಲಕ ಇಬ್ಬರು ದೊಡ್ಡವರು ನೆಂಟರಾಗುವುದು. ನಮ್ಮಲ್ಲಿ ಬೀಗರು, ಬೀಗಿತ್ತಿಯರು ಆಗುವುದು ಮದುವೆಯಿಂದ, ಅಲ್ಲಿ ದೀಕ್ಷೆಯಿಂದ. ಸೂಲಗಿತ್ತಿಗೆ ಸ್ಪೇನಿನಲ್ಲಿ ಇಂದಿಗೂ ಕೊಮಾದ್ರೋನಾ. ಇದೇ ಕೊಮಾದ್ರೆಯಿಂದ 'ಕೊಮಾದ್ರೆಯಾರ್' ಹುಟ್ಟಿತು: ಗಾಸಿಪ್ ಮಾಡುವುದು.

ಎರಡು ಭಾಷೆ, ಎರಡು ಬೇರೆ ಪದ, ಶುರುವಾದದ್ದು ಎರಡೂ ಹೆರಿಗೆ ಮನೆಯ ಸುತ್ತಮುತ್ತ. ಕಷ್ಟದ ರಾತ್ರಿಯಲ್ಲಿ ಕೈ ಹಿಡಿದು ಕೂತವರ ಹೆಸರು ಇದು.

ಹಂಗಾರ ಗಾಸಿಪ್ ಅಂದ್ರ ಹೆಂಗಸರದೇ ಅಂತ ಯಾಕ ಅಂತಾರ?

ಪದಗಳ ಒಳಗೇ ಆ ಪಕ್ಷಪಾತ ಇದೆ. ಕೊಮಾದ್ರೆಯ ಗಂಡು ರೂಪ ಕೊಂಪಾದ್ರೆ. ಹೆಂಗಸರು ಸೇರಿದರೆ ಕೊಮಾದ್ರೇಯೊ, ಅಂದರೆ ಗಾಸಿಪ್. ಗಂಡಸರು ಸೇರಿದರೆ ಕೊಂಪಾದ್ರೇಯೊ, ಅಂದರೆ ಒಬ್ಬರಿಗೊಬ್ಬರು ಅನುಕೂಲ ಮಾಡಿಕೊಳ್ಳುವುದು, ತಮ್ಮವರನ್ನು ಮುಂದೆ ತರುವುದು. ಎರಡೂ ಹೊಗಳಿಕೆಯಲ್ಲ. ಆದರೆ ಒಂದರಲ್ಲಿ ಮಾತು ಮಾತ್ರ, ಇನ್ನೊಂದರಲ್ಲಿ ಅಧಿಕಾರ.

ನಮ್ಮ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಅಂಗಡಿ ಮುಂದೆ ನಿಂತು ಹತ್ತು ನಿಮಿಷ ಕೇಳಿ. ಯಾರ ಹೊಲ ಯಾರಿಗೆ ಹೋಯಿತು, ಯಾರ ಮಗ ಎಲ್ಲಿ ಸಿಕ್ಕಿಬಿದ್ದ. ಅದನ್ನು ಗಂಡಸರು ರಾಜಕೀಯ ಅನ್ನುತ್ತಾರೆ. ಕಟ್ಟೆ ಮೇಲೆ ಮೊರ ಹಿಡಿದವರು ಅದೇ ಮಾತಾಡಿದರೆ ಗಾಸಿಪ್. ನಾನು ಇದನ್ನು ಒಪ್ಪುವುದಿಲ್ಲ.

ಗಾಸಿಪ್‌ನಿಂದ ಏನಾದ್ರೂ ಒಳ್ಳೇದು ಇದೆಯಾ?

ಇದೆ. ಬ್ರಿಟನ್ನಿನ ವಿಜ್ಞಾನಿ ರಾಬಿನ್ ಡನ್ಬಾರ್ 1990ರ ದಶಕದಲ್ಲಿ ಒಂದು ವಾದ ಇಟ್ಟರು. ಮಂಗಗಳು ಒಂದರ ಮೈ ಒಂದು ಹೆಕ್ಕಿ ನಂಟು ಉಳಿಸಿಕೊಳ್ಳುತ್ತವೆ. ಮನುಷ್ಯರ ಗುಂಪು ದೊಡ್ಡದಾದಾಗ ಅದಕ್ಕೆ ಸಮಯ ಸಾಲದೆ, ಆ ಕೆಲಸವನ್ನು ಮಾತು ವಹಿಸಿಕೊಂಡಿತು ಅಂತ. ಜನರ ಮಾತುಕತೆ ಕೇಳಿ ಲೆಕ್ಕ ಹಾಕಿದಾಗ ಸುಮಾರು ಮೂರರಲ್ಲಿ ಎರಡು ಪಾಲು ಜನರ ಬಗ್ಗೆ, ಸಂಬಂಧಗಳ ಬಗ್ಗೆಯೇ ಇತ್ತು. ಅದರಲ್ಲಿ ಕೆಟ್ಟ ಮಾತು ಕಡಿಮೆ. ಮಧ್ಯಾಹ್ನ ಮೆಟ್ಟಿಲ ಮೇಲೆ ಒಬ್ಬರ ತಲೆಯ ಹೇನು ಒಬ್ಬರು ತೆಗೆಯುತ್ತಾ ಸುದ್ದಿ ಹೇಳುವುದನ್ನು ನೋಡಿದವರಿಗೆ ಈ ವಾದ ಕೂಡಲೇ ಅರ್ಥವಾಗುತ್ತದೆ. ಯಾರ ಮನೆಯಲ್ಲಿ ಜ್ವರ, ಯಾರಿಗೆ ದುಡ್ಡು ಬೇಕು, ಯಾರನ್ನು ನಂಬಬಾರದು, ಎಲ್ಲ ಅಲ್ಲೇ ಗೊತ್ತಾಗುವುದು.

ಗಾಸಿಪ್, ರೂಮರ್ ಎರಡೂ ಒಂದೇ ಅಲ್ವಾ?

ಅಲ್ಲ, ಮತ್ತು ನಮ್ಮ ಕಡೆಯವರು ಇದನ್ನು ಮರೆಯಬಾರದು. ಗಾಸಿಪ್ ಗೊತ್ತಿರುವ ಮನುಷ್ಯನ ಬಗ್ಗೆ. ಅದು ನಿಜವೂ ಆಗಿರಬಹುದು. ರೂಮರ್ ಅಂದರೆ ಖಾತ್ರಿ ಇಲ್ಲದೆ ಹಬ್ಬುವ ಸುದ್ದಿ, ಅದಕ್ಕೆ ಮುಖ ಬೇಕಿಲ್ಲ. ಸ್ಪ್ಯಾನಿಶ್‌ನಲ್ಲಿ ರುಮೋರ್. ಬೇಕಂತಲೇ ಹಬ್ಬಿಸಿದ ಸುಳ್ಳಿಗೆ ಸ್ಪೇನಿನಲ್ಲಿ ಬೂಲೊ.

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆದದ್ದು ನೆನಪಿದೆಯಲ್ಲ? ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುಳ್ಳು ವಾಟ್ಸಾಪಿನಲ್ಲಿ ಓಡಿತು. ಹೈದರಾಬಾದಿನಿಂದ ಬಂದಿದ್ದ ಯುವಕರ ಕಾರನ್ನು ಜನ ತಡೆದು ಹೊಡೆದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಅವರನ್ನು ಹೊಡೆದವರಿಗೆ ಅವರ ಹೆಸರೂ ಗೊತ್ತಿರಲಿಲ್ಲ. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿಯನ್ನು ವಾಟ್ಸಾಪ್ ಅದೇ ತಿಂಗಳು ಪ್ರಕಟಿಸಿತು. ಇದನ್ನು ಗಾಸಿಪ್ ಅನ್ನುವುದು ಆ ಸಾವಿಗೆ ಮಾಡುವ ಅನ್ಯಾಯ. ಅದು ಬೂಲೊ.

ನಾನು ಕಂಪ್ಯೂಟರ್ ಸೈನ್ಸ್ ಓದ್ತಿದೀನಿ. "ಗಾಸಿಪ್ ಪ್ರೋಟೋಕಾಲ್" ಅಂತ ಪಾಠ ಇದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ನೇರ ಸಂಬಂಧ. ಸಾವಿರ ಕಂಪ್ಯೂಟರಿಗೆ ಒಂದು ಸುದ್ದಿ ಮುಟ್ಟಿಸಬೇಕು, ನಡುವೆ ಮುಖ್ಯಸ್ಥ ಇಲ್ಲ. ಸುದ್ದಿ ಗೊತ್ತಿರುವ ಪ್ರತಿಯೊಂದೂ ಆಗಾಗ ಯಾರೋ ಒಬ್ಬರನ್ನು ಹಿಡಿದು ಹೇಳುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕು. ಪ್ರತಿ ಸಲ ಹೊಸಬರೇ ಸಿಕ್ಕರೆ 10 ಸುತ್ತಿಗೆ 1,024 ಆಯಿತು. ನಿಜದಲ್ಲಿ ಕೇಳಿದವರಿಗೇ ಮತ್ತೆ ಹೇಳುವುದು ಇದ್ದೇ ಇರುತ್ತದೆ, ಇನ್ನೂ ಕೆಲವು ಸುತ್ತು ಬೇಕು. ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದವರು 1987ರಲ್ಲಿ ಈ ವಿಧಾನದ ಮೇಲೆ ಪ್ರಬಂಧ ಪ್ರಕಟಿಸಿದರು. ಕಸಾಂಡ್ರ ಅನ್ನುವ ಡೇಟಾಬೇಸ್ ಇದನ್ನು ಬಳಸುತ್ತದೆ. ಸ್ಪ್ಯಾನಿಶ್‌ನಲ್ಲಿ ಸಾಮಾನ್ಯವಾಗಿ 'ಪ್ರೊತೊಕೋಲೊ ಗಾಸಿಪ್' ಅಂತಲೇ ಬರೆಯುತ್ತಾರೆ.

ಕನ್ನಡದ "ಅಂತೆ" ಇದೆಯಲ್ಲ, ಅದನ್ನು ಸ್ಪ್ಯಾನಿಶ್‌ಗೆ ಹೇಗೆ ತರೋದು?

ಇಷ್ಟು ವರ್ಷದಲ್ಲಿ ನನಗೆ ಬಂದ ಅತಿ ಒಳ್ಳೆಯ ಪ್ರಶ್ನೆ ಇದು. ಯಾದಗಿರಿಯ ಒಬ್ಬ ಹುಡುಗಿ ಕೇಳಿದಳು.

'ಅವಳು ಬಂದಳು' ಅಂದರೆ ನಾನು ನೋಡಿದೆ. 'ಅವಳು ಬಂದಳಂತೆ' ಅಂದರೆ ಯಾರೋ ಹೇಳಿದರು, ಹೊಣೆ ನನ್ನದಲ್ಲ. ನಮ್ಮ ಕಡೆ 'ಬಂದಾಳಂತ'. ಎರಡೇ ಅಕ್ಷರ, ಮಾತಿನ ಹೊಣೆ ಇಳಿಸಿಬಿಡುತ್ತದೆ. ಅದಕ್ಕೇ ಗಾಳಿಮಾತಿಗೆ ನಮ್ಮಲ್ಲಿ 'ಅಂತೆ ಕಂತೆ' ಅನ್ನುವ ಹೆಸರು. ಇಂಗ್ಲಿಷಿನಲ್ಲಿ ಇದಕ್ಕೆ ಒಂದು ಇಡೀ ಪದ ಸೇರಿಸಬೇಕು, ಅದು ಮಾತಿನಲ್ಲಿ ಭಾರವಾಗಿ ಕೂರುತ್ತದೆ.

ಸ್ಪ್ಯಾನಿಶ್‌ನಲ್ಲಿ ಎಲ್ಲ ಕಡೆ ನಡೆಯುವುದು 'ದೀಸೆನ್ ಕೆ', ಅಂದರೆ 'ಹೇಳುತ್ತಾರೆ'. ಯಾರು ಅಂತ ಹೇಳುವುದಿಲ್ಲ, ಕೇಳುವುದೂ ಇಲ್ಲ. ಮೆಕ್ಸಿಕೋ, ಕೊಲಂಬಿಯಾ ಕಡೆ ಇನ್ನೂ ಹತ್ತಿರದ ಪದ ಇದೆ: 'ದಿಸ್ಕೆ'. 'ಹೇಳುತ್ತಾನೆ' ಅನ್ನುವುದು ಸವೆದು ಸವೆದು ಒಂದೇ ತುಣುಕಾಗಿದೆ, ನಮ್ಮ ಅಂತೆಯ ಹಾಗೇ. ಆದರೆ ದಿಸ್ಕೆಯಲ್ಲಿ ಬಹಳ ಸಲ ಅನುಮಾನವೂ ಸೇರಿರುತ್ತದೆ. 'ದಿಸ್ಕೆ ದೊಕ್ತೋರ್' ಅಂದರೆ 'ಡಾಕ್ಟರ್ ಅಂತೆ!' ಅಂತ ಮೂಗೆಳೆದ ಹಾಗೆ. ಅನುಮಾನ ಬೇಡವಾದರೆ ದೀಸೆನ್ ಕೆ ಸಾಕು.

ಆ ಹುಡುಗಿಗೆ ನಾನು ಕೊಟ್ಟ ಅಭ್ಯಾಸ ಇಲ್ಲಿದೆ. 'ಪಕ್ಕದ ಮನೆ ಅಕ್ಕನ ಮಗಳು ಹೈದರಾಬಾದಿನಿಂದ ಬಂದಾಳಂತ.' ಅವಳು ಸ್ವಲ್ಪ ಹೊತ್ತು ಯೋಚಿಸಿ, ದನಿ ಇಳಿಸಿ ಹೇಳಿದಳು: 'ದೀಸೆನ್ ಕೆ ಯಾ ಯೆಗೋ ಲಾ ಈಹಾ ದೆ ಲಾ ಬೆಸೀನಾ.' ಹೈದರಾಬಾದ್ ಅನ್ನುವ ಪದ ಬಿಟ್ಟಿದ್ದಳು. ದನಿ ಮಾತ್ರ ಸರಿಯಾಗಿತ್ತು.